ನಾಲ್ಕು ಗಂಟೆಗೆ ಎಡ ಮಗ್ಗುಲು

ಮಲಗಿದವರ ಮಗ್ಗುಲು ಬದಲಿಸುವುದು ಎಂಥ ಮಹಾ ಕೆಲಸ ಎನ್ನುವವರು, ಅರ್ಧ ಮೈ ಬಿದ್ದುಹೋದ ಎಪ್ಪತ್ತು ಕಿಲೋ ಮನುಷ್ಯನ ಹೆಗಲಡಿ ಒಂದು ಸಲ ಕೈ ಹಾಕಿ ನೋಡಬೇಕು. ದೇಹ ತನ್ನ ಭಾರವನ್ನು ತಾನೇ ಹೊತ್ತುಕೊಂಡಿರುವ ತನಕ ಆ ಭಾರ ಎಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ. ನಿದ್ದೆಯಲ್ಲೂ ನಾವು ಹೊರಳುತ್ತೇವೆ. ಹೊರಳಿಸುವವರು ಯಾರೆಂದು ಎದ್ದ ಮೇಲೆ ಕೇಳುವುದಿಲ್ಲ. ದೇವರು ಸದ್ದಿಲ್ಲದೆ ಮಾಡುವ ಉಪಕಾರಗಳಲ್ಲಿ ಇದೂ ಒಂದು. ಅದು ನಿಂತುಹೋದವರಿಗೆ ಎರಡು ಗಂಟೆಗೊಮ್ಮೆ ಇನ್ನೊಬ್ಬರ ಕೈ ಬೇಕು. ಕೈ ಬಾರದಿದ್ದರೆ ಸೊಂಟದ ಮೂಳೆಯ ಮೇಲಿನ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಕಪ್ಪಿಡುತ್ತದೆ, ಆಮೇಲೆ ಒಡೆಯುತ್ತದೆ.

ಮೂರನೇ ಮಹಡಿಯ ಆ ವಾರ್ಡಿನಲ್ಲಿ ಮೂವತ್ತೆರಡು ಮಂಚ. ಅರ್ಧಕ್ಕರ್ಧ ಇಂಥ ಹೊರಳಲಾರದವರೇ. ಒಂದು ಪಾಳಿಗೆ ಎಂಟು ಜನ ನರ್ಸುಗಳಿರಬೇಕೆಂದು ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ನಿಯಮವಿತ್ತು. ಬರುತ್ತಿದ್ದವರು ಮೂರು ಜನ. ಆ ನಿಯಮದ ಗಾಜನ್ನು ದಿನಾ ಒರೆಸುತ್ತಿದ್ದ ಆಯಾ, "ಇದೊಂದಕ್ಕೆ ಮಾತ್ರ ಧೂಳು ಕೂರೋಕೆ ಬಿಡಲ್ಲ ನೋಡಿ ನಾವು" ಎನ್ನುತ್ತಿದ್ದಳು.

ವಾರ್ಡಿನ ಇನ್‌ಚಾರ್ಜ್ ಸಿಸ್ಟರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ಸರ್ವೀಸು. ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬದಲಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಇವತ್ತು ನನ್ನ ಕೈಯಿಂದ ಯಾರಿಗೂ ಕೆಡುಕಾಗದಿರಲಿ" ಎಂದುಕೊಂಡೇ ಒಳಗೆ ಕಾಲಿಡುತ್ತಿದ್ದರು. ಅದು ತೋರಿಕೆಯ ಭಕ್ತಿಯಲ್ಲ. ರೋಗಿ ಸತ್ತ ದಿನ ಊಟ ಬಿಡುತ್ತಿದ್ದ ಹೆಂಗಸು ಅವರು.

ಎರಡು ವರ್ಷದ ಹಿಂದೆ ಮೇಲಿನಿಂದ ತಪಾಸಣೆಯವರು ಬಂದಿದ್ದರು. ಮಂಚದ ಕಾಲಿಗೆ ತೂಗುವ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ರೋಗಿಯನ್ನು ಎಷ್ಟು ಹೊತ್ತಿಗೆ ಯಾವ ಮಗ್ಗುಲಿಗೆ ತಿರುಗಿಸಿದ್ದು, ತಿರುಗಿಸಿದವರು ಯಾರು, ಎಲ್ಲ ಬರೆದು ಸಹಿ ಮಾಡುವ ಹಾಳೆ ಅದು. ಹತ್ತರಲ್ಲಿ ಆರು ಕಾಲಂ ಖಾಲಿ. ತಪಾಸಣೆಯವರು ರೋಗಿಗಳ ಬೆನ್ನು ನೋಡಲಿಲ್ಲ. ಖಾಲಿ ಕಾಲಂ ಎಣಿಸಿಕೊಂಡು ಹೋದರು. ಮರುದಿನ ದೊಡ್ಡಕ್ಕನಿಗೆ ನರ್ಸಿಂಗ್ ಮೇಲ್ವಿಚಾರಕಿಯ ಕೋಣೆಯಲ್ಲಿ ಮುಖಕ್ಕೆ ಮಂಗಳಾರತಿಯಾಯಿತು. ಅಲ್ಲಿಂದ ಬಂದವರೇ ಹುಡುಗಿಯರನ್ನೆಲ್ಲ ಕರೆದು ಹೇಳಿದರು: "ಇನ್ನು ಮೇಲೆ ನನ್ನ ವಾರ್ಡಲ್ಲಿ ಒಂದು ಕಾಲಂ ಖಾಲಿ ಇರಬಾರದು. ಹೇಗೆ ಮಾಡ್ತೀರೋ ನಂಗೊತ್ತಿಲ್ಲ."

ಹೇಗೆಂದು ಹುಡುಗಿಯರು ವಾರದೊಳಗೆ ಕಂಡುಕೊಂಡರು. ಪಾಳಿ ಶುರುವಾದ ಕೂಡಲೇ ಕೂತು, ಎರಡು ಗಂಟೆ ಬೆನ್ನು, ನಾಲ್ಕು ಗಂಟೆ ಎಡ, ಆರು ಗಂಟೆ ಬಲ ಎಂದು ಎಲ್ಲ ಹಾಳೆಗಳನ್ನೂ ಒಂದೇ ಉಸಿರಿಗೆ ತುಂಬಿ ಸಹಿ ಹಾಕಿಬಿಡುವುದು. ಆಮೇಲೆ ಎದ್ದು ಓಡುವುದು. ಸಾಧ್ಯವಾದವರನ್ನು ತಿರುಗಿಸುವುದು, ಆಗದವರ ಪಾಲಿಗೆ ಹಾಳೆ ತಿರುಗಿಸಿದೆ ಎಂದುಕೊಳ್ಳುವುದು. ದೊಡ್ಡಕ್ಕ ಆ ಹೊತ್ತಿಗೆ ಸರಿಯಾಗಿ ಔಷಧಿ ಬೀರುವಿನ ಕಡೆ ಹೋಗುತ್ತಿದ್ದರು. ಕಾಣಬಾರದ್ದಕ್ಕೆ ಬೆನ್ನು ಹಾಕಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡರೆ, ಸ್ವಲ್ಪ ದಿನಕ್ಕೆ ಅದು ತಾಳ್ಮೆಯ ಹಾಗೆಯೇ ಕಾಣತೊಡಗುತ್ತದೆ. ಆ ವರ್ಷ ವಾರ್ಡಿಗೆ ಪ್ರಶಸ್ತಿಪತ್ರವೂ ಬಂತು.

ಇಷ್ಟರ ಮಧ್ಯೆ ಅವರು ಹೆಚ್ಚು ಜನ ಬೇಕೆಂದು ಮೂರು ಪತ್ರ ಬರೆದಿದ್ದುಂಟು. ಮೂರನೆಯದು ಹೋದ ಮೇಲೆ ಮೇಲ್ವಿಚಾರಕಿ ಕರೆಸಿ, ಎದುರಿಗೆ ಕೂರಿಸಿ, ನಯವಾಗಿ ಹೇಳಿದ್ದರು: "ಇವು ಫೈಲಲ್ಲಿದ್ರೆ ನಿಮಗೇ ತೊಂದರೆ ಸಿಸ್ಟರ್. ವಾರ್ಡ್ ನಡೆಸೋಕೆ ಬರಲ್ಲ ಈಯಮ್ಮಂಗೆ ಅಂತಾರೆ." ದೊಡ್ಡಕ್ಕ ಮೂರು ಪತ್ರಗಳನ್ನೂ ತಮ್ಮ ಕೈಯಾರೆ ವಾಪಸು ತಂದರು.

ಹನ್ನೊಂದನೇ ಮಂಚಕ್ಕೆ ಬಡಗಿ ಅಜ್ಜ ಬಂದದ್ದು ಆಮೇಲೆ. ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋಗಿದ್ದವು. ಉಳಿದ ಎಡಗೈಯಿಂದ ಮಂಚದ ಪಕ್ಕದ ಮೇಜನ್ನು ತಟ್ಟಿ ನೋಡಿ ಮುಖ ಸಿಂಡರಿಸುತ್ತಿದ್ದ. "ಮರ ಸರಿಯಿಲ್ಲ ಅಂತಿದಾರೆ ನಮ್ಮಪ್ಪ" ಎಂದು ಮಗಳು ಅನುವಾದ ಮಾಡಿದಳು. ಅವಳು ಬಸ್ ಕಂಡಕ್ಟರು. ಪಾಳಿ ಮುಗಿದ ಮೇಲೆ ಖಾಕಿ ಅಂಗಿಯಲ್ಲೇ ಬಂದು, ಅಪ್ಪನಿಗೆ ಗಂಜಿ ಕುಡಿಸಿ, ಹೊರಗಿನ ಬೆಂಚಿನ ಮೇಲೆ ಕೂತೇ ಒಂದು ತೂಕಡಿಕೆ ತೆಗೆದು ಹೋಗುತ್ತಿದ್ದಳು.

ಅಜ್ಜನಿಗೆ ಹಿಡಿಸಿದ ನರ್ಸೆಂದರೆ ಚಿಟಿಕೆ. ಯಾವ ಕೆಲಸ ಹೇಳಿದರೂ "ಚಿಟಿಕೆ ಹೊಡೆಯೋದರಲ್ಲಿ ಆಗೋಯ್ತು ಅಕ್ಕ" ಎನ್ನುತ್ತಿದ್ದುದರಿಂದ ಆ ಹೆಸರು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆಯನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ಅವಳ ಅಜ್ಜಿ ಸೂಲಗಿತ್ತಿ. ಊರಿಗೆಲ್ಲ ಹೆರಿಗೆ ಮಾಡಿಸಿಯೂ ಯಾವ ಕಾಗದದ ಮೇಲೂ ಹೆಸರಿಲ್ಲದೆ ಸತ್ತವಳು. "ನಮ್ಮ ಮನೇಲಿ ನಂಬರ್ ಇರೋಳು ನಾನೊಬ್ಬಳೇ" ಎಂದು ಚಿಟಿಕೆ ಹೇಳಿಕೊಳ್ಳುವಾಗ, ಕೇಳಿದವರಿಗೆ ನಗು ಬಂದರೂ ನಗುತ್ತಿರಲಿಲ್ಲ.

ಹುಣ್ಣನ್ನು ಮೊದಲು ನೋಡಿದವಳೂ ಅವಳೇ. ಬೆಳಗಿನ ಪಾಳಿಯಲ್ಲಿ ಅಜ್ಜನ ಮೈ ಒರೆಸಲು ಆಯಾಳ ಜೊತೆ ಸೇರಿ ಹೊರಳಿಸಿದಾಗ ಕೈ ನಿಂತಿತು. ಓಡಿ ಬಂದು ದೊಡ್ಡಕ್ಕನ ಕಿವಿಯಲ್ಲಿ, "ಅಕ್ಕ, ಒಂದ್ಸಲ ಬನ್ನಿ. ಮುಚ್ಚಿಡೋ ಹಾಗಿಲ್ಲ" ಎಂದಳು. ಸೊಂಟದ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿ, ನಡುವೆ ಬಾಯಿಬಿಟ್ಟಿತ್ತು. ಒಂದು ದಿನದಲ್ಲಿ ಆಗುವ ಹುಣ್ಣಲ್ಲ ಅದು. ಹಲವರ ಹಲವು ಪಾಳಿ ಸೇರಿ ಆದದ್ದು. ಅಜ್ಜ ಎಡಗೈಯಲ್ಲಿ ಚಿಟಿಕೆಯ ಮಣಿಕಟ್ಟು ಹಿಡಿದುಕೊಂಡಿದ್ದ. ನೋವಾಗುತ್ತಿದೆಯೆಂದು ಇಷ್ಟು ದಿನ ಹೇಳಲು ಅವನಿಗೆ ಮಾತಿರಲಿಲ್ಲ. ಮೇಜು ತಟ್ಟಿದ್ದನ್ನೆಲ್ಲ ಮರದ ಮೇಲಿನ ದೂರೆಂದೇ ಎಲ್ಲರೂ ತಿಳಿದಿದ್ದರು.

ಹುಣ್ಣಿನಿಂದ ನಂಜು ರಕ್ತಕ್ಕೆ ಇಳಿಯಿತು. ಒಂಬತ್ತನೇ ದಿನ ಮಧ್ಯಾಹ್ನ ಅಜ್ಜ ಐಸಿಯುವಿನಲ್ಲಿ ತೀರಿಕೊಂಡ.

ಮಗಳು ಅಳುತ್ತಾ ಕೂರುವವರ ಪೈಕಿಯಲ್ಲ. ಅಪ್ಪನ ಕಾಗದಗಳಷ್ಟನ್ನೂ ಅರ್ಜಿ ಬರೆದುಕೊಟ್ಟು ಪಡೆದಳು. ದಿನವಿಡೀ ಟಿಕೆಟ್ಟಿಗೂ ಸ್ಟಾಪಿಗೂ ತಾಳೆ ಹಾಕುವ ಕಣ್ಣು ಅವಳದು. ಹಾಳೆಯಲ್ಲಿ ಒಂದು ದಿನ ಹೀಗಿತ್ತು: ನಾಲ್ಕು ಗಂಟೆಗೆ ಎಡ ಮಗ್ಗುಲು, ಪಕ್ಕದಲ್ಲಿ ಚಿಟಿಕೆಯ ಸಹಿ. ಸ್ಕ್ಯಾನಿಂಗ್ ರಿಜಿಸ್ಟರಿನ ಪ್ರಕಾರ ಆ ದಿನ ಮೂರೂವರೆಯಿಂದ ಆರರ ತನಕ ಅಜ್ಜ ನೆಲಮಹಡಿಯ ಸ್ಕ್ಯಾನಿಂಗ್ ಕೋಣೆಯ ಮುಂದೆ ಸ್ಟ್ರೆಚರಿನ ಮೇಲೆ ಅಂಗಾತ ಮಲಗಿದ್ದ. ಮೊದಲೇ ತುಂಬಿದವರಿಗೆ ಮಾತ್ರ ಆಗಬಲ್ಲ ತಪ್ಪು. ಎರಡನ್ನೂ ಲಗತ್ತಿಸಿ ಅವಳು ದೂರು ಕೊಟ್ಟಳು, ಆಸ್ಪತ್ರೆಯಲ್ಲಿ ವಿಚಾರಣೆ ಗೊತ್ತಾಯಿತು.

ಮೇಲ್ವಿಚಾರಕಿ ದೊಡ್ಡಕ್ಕನನ್ನು ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿಟ್ಟ ಒಂದು ಪುಟವಿತ್ತು.

"ಓದಿ ನೋಡಿ. ನಿಮ್ಮ ಹೇಳಿಕೆ."

"ನಾನಿನ್ನೂ ಹೇಳೇ ಇಲ್ವಲ್ಲ ಮೇಡಂ."

"ಅದಕ್ಕೇ ಮೊದಲೇ ಬರೆಸಿಟ್ಟೆ. ಒಬ್ಬ ನರ್ಸು ಸೂಚನೆ ಮೀರಿ ಸುಳ್ಳು ದಾಖಲೆ ಮಾಡಿದ್ದಾಳೆ, ನಿಮ್ಮ ಗಮನಕ್ಕೆ ಬಂದಿರಲಿಲ್ಲ. ಅಷ್ಟೇ."

ದೊಡ್ಡಕ್ಕ ಪುಟವನ್ನು ಮುಟ್ಟಲಿಲ್ಲ. "ಎಲ್ಲರೂ ಹಾಗೇ ಬರೀತಾರೆ ಮೇಡಂ. ನಿಮಗೂ ಗೊತ್ತು."

"ನನಗೆ ಏನು ಗೊತ್ತು ಅಂತ ನನ್ನನ್ನ ಯಾರೂ ಕೇಳಿಲ್ಲ." ಮೇಲ್ವಿಚಾರಕಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ದನಿಯಲ್ಲಿ ಗದರಿಕೆಯಿರಲಿಲ್ಲ, ಆಯಾಸವಿತ್ತು. "ಎಲ್ಲರೂ ಅಂತ ಹೇಳಿ ನೋಡೋಣ. ನಿಮ್ಮ ವಾರ್ಡಲ್ಲಿ ಹನ್ನೆರಡು ಹುಡುಗೀರ ಸಹಿ ಇದೆ. ಹನ್ನೆರಡು ನೋಂದಣಿ ಹೋಗುತ್ತೆ. ನಾಳೆ ಆ ಮೂವತ್ತೆರಡು ಜನಕ್ಕೆ ನೀರು ಕುಡಿಸೋರು ಯಾರು? ನೀವು ತಾಯಿ ಥರ ಸಿಸ್ಟರ್. ಯೋಚನೆ ಮಾಡಿ."

ಬಟ್ಟೆ ಕೋಣೆಯಲ್ಲಿ ಒಗೆದ ಹೊದಿಕೆಗಳ ರಾಶಿಯ ಹಿಂದೆ ಚಿಟಿಕೆ ಕಾದಿದ್ದಳು. ಕಣ್ಣು ಊದಿತ್ತು.

"ತಪ್ಪು ನಂದೇ ಅಕ್ಕ. ಸ್ಕ್ಯಾನಿಂಗಿಗೆ ಕಳಿಸಿದಾಗ ಹಾಳೆ ತಿದ್ದಬೇಕಿತ್ತು. ಅಷ್ಟರಲ್ಲಿ ಇಪ್ಪತ್ತನೇ ಬೆಡ್ಡಿಗೆ ಫಿಟ್ಸ್ ಬಂತು, ಮರೆತೇಹೋಯ್ತು. ಬೈಯಲಿ, ಸಸ್ಪೆಂಡ್ ಮಾಡಲಿ. ನನ್ನ ನಂಬರೊಂದನ್ನ ತೆಗೀದಿದ್ರೆ ಸಾಕು. ಈ ವಾರ್ಡಲ್ಲಿ ಹೀಗೇ ನಡೆಯುತ್ತೆ ಅಂತ ನೀವೊಂದು ಮಾತು ಹೇಳಿದ್ರೆ ತೆಗೆಯಲ್ವಂತೆ. ಯೂನಿಯನ್ ಅಣ್ಣ ಹೇಳಿದ್ರು."

ದೊಡ್ಡಕ್ಕ ಅವಳ ತಲೆಯ ಮೇಲೆ ಕೈಯಿಟ್ಟರು. "ನಾನಿದ್ದೀನಲ್ಲ" ಎಂದರು.

ಹೇಳುವಾಗ ಅದು ನಿಜವಾಗಿತ್ತು. ಇದನ್ನು ಒಪ್ಪಿಕೊಳ್ಳಬೇಕು.

ದೊಡ್ಡಕ್ಕನ ಗಂಡ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ಅವರ ತಾಯಿಯೂ ಹಾಸಿಗೆ ಹಿಡಿದು ನಾಲ್ಕು ವರ್ಷ. ಯಂತ್ರದ ಪಕ್ಕದಲ್ಲೇ ಮಂಚ. ಒಂದು ಅಂಗಿಯ ತೋಳು ಮುಗಿದರೆ ಎದ್ದು ಅಮ್ಮನನ್ನು ಹೊರಳಿಸುವುದು, ಕಾಲರು ಮುಗಿದರೆ ಮತ್ತೊಮ್ಮೆ. ಮುದುಕಿಯ ಬೆನ್ನು ಮಗುವಿನ ಬೆನ್ನಿನ ಹಾಗಿತ್ತು. ಆ ಸಂಜೆ ದೊಡ್ಡಕ್ಕ ಎಲ್ಲವನ್ನೂ ಹೇಳಿದರು. ಗಂಡ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಕೇಳಿಸಿಕೊಂಡರು.

"ಮೊದಲೇ ಬರೀರಿ ಅಂತ ನೀನು ಹೇಳಿದ್ಯಾ?"

"ಹಾಗೆ ಹೇಳಲಿಲ್ಲ. ಖಾಲಿ ಇರಬಾರದು ಅಂದೆ."

"ನಾನು ಯಾರಿಗಾದ್ರೂ ಅರ್ಧ ಮೀಟರ್ ಬಟ್ಟೆ ಕೊಟ್ಟು, ತುಂಬು ತೋಳಿನ ಅಂಗಿ ಹೊಲಿ, ಹೇಗೆ ಹೊಲೀತೀಯೋ ನಂಗೊತ್ತಿಲ್ಲ ಅಂದ್ರೆ?"

"ನೀವು ಸುಮ್ನಿರಿ. ಹನ್ನೆರಡು ಜನದ ಪ್ರಶ್ನೆ ಇದು."

"ಹಾಗಂತ ಅವರು ಅಂದ್ರು. ನೀನು ಏನಂತೀಯ?"

ಮಂಚದಿಂದ ಅತ್ತೆ ಮಾತು ಹಾಕಿದರು. "ಅವಳೇನನ್ನುತ್ತಾಳೆ, ಬಿಡೋ. ಅವಳಿಗೆ ಇನ್ನು ನಾಲ್ಕು ವರ್ಷಕ್ಕೆ ರಿಟೈರು. ಈ ವಯಸ್ಸಲ್ಲಿ ಯಾರು ತಲೆ ಕೊಡ್ತಾರೆ?" ಅತ್ತೆ ಸೊಸೆಯ ಪರವಾಗಿ ಮಾತಾಡಿದ್ದು ಆ ಮನೆಯಲ್ಲಿ ಅಪರೂಪ. ದೊಡ್ಡಕ್ಕನಿಗೆ ಅದು ಬೈಗುಳಕ್ಕಿಂತ ಚುಚ್ಚಿತು.

ವಿಚಾರಣೆಯ ದಿನ ಬೆಳಿಗ್ಗೆ ಅವರು ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತರು. ದಾರಿ ತೋರಿಸು ಎಂದು ಕೇಳಿದರು. ಮನಸ್ಸು ತಿಳಿಯಾಗುತ್ತಾ ಬಂತು, ಉಸಿರು ಹಗುರಾಯಿತು, ಒಳಗಿನಿಂದ ಒಂದು ದನಿ ಹನ್ನೆರಡು ಹುಡುಗಿಯರು ನಿನ್ನ ಮಡಿಲಲ್ಲಿದ್ದಾರೆ ಎಂದಿತು. ಅವರು ಅದನ್ನು ದೇವರ ದನಿ ಎಂದುಕೊಂಡರು. ದೇವರು ಮಾತಾಡಿದರೆ ಸಾಮಾನ್ಯವಾಗಿ ನಾವು ಕೂತಲ್ಲಿಂದ ಏಳಬೇಕಾಗುತ್ತದೆ. ಕೂತಲ್ಲೇ ಇನ್ನಷ್ಟು ಮೆತ್ತಗೆ ಕೂರಿಸುವ ದನಿ ಬೇರೆ ಕಡೆಯದು. ಪ್ರಾರ್ಥನೆ ಮಾಡುವವರಿಗೆಲ್ಲ ಇದು ಗೊತ್ತು, ದೊಡ್ಡಕ್ಕನಿಗೂ ಗೊತ್ತಿತ್ತು.

ಸಭೆಯ ಕೋಣೆಯಲ್ಲಿ ಉದ್ದ ಮೇಜಿನ ಆಚೆ ಐದು ಜನ. ಈಚೆ ಒಂದು ತುದಿಯಲ್ಲಿ ಚಿಟಿಕೆ, ಇನ್ನೊಂದು ತುದಿಯಲ್ಲಿ ಬಡಗಿಯ ಮಗಳು. ಅಧ್ಯಕ್ಷರು ಹಾಳೆಯನ್ನು ಎತ್ತಿ ಹಿಡಿದು ಕೇಳಿದರು: "ಮುಂಚಿತವಾಗಿ ದಾಖಲೆ ತುಂಬುವ ಪದ್ಧತಿ ನಿಮ್ಮ ವಾರ್ಡಿನಲ್ಲಿ ಇತ್ತೆ?"

"ನನ್ನ ಗಮನಕ್ಕೆ ಬಂದಿರಲಿಲ್ಲ" ಎಂದರು ದೊಡ್ಡಕ್ಕ.

ಚಿಟಿಕೆ ತಿರುಗಿ ಅವರನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಕ್ಕ ಇನ್ನೂ ಮಾತು ಮುಗಿಸಿಲ್ಲ, ಮುಂದಿನ ವಾಕ್ಯದಲ್ಲಿ ಬರುತ್ತದೆ ಎಂದು ಕಾಯುವ ಹಾಗೆ ನೋಡಿದಳು. ದೊಡ್ಡಕ್ಕ ಟೈಪು ಮಾಡಿದ ಪುಟಕ್ಕೆ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದರು.

"ನೀನೇನಾದರೂ ಹೇಳುವುದಿದೆಯೇನಮ್ಮ?" ಎಂದು ಅಧ್ಯಕ್ಷರು ಚಿಟಿಕೆಯನ್ನು ಕೇಳಿದರು.

ಅವಳು ಇನ್ನೊಮ್ಮೆ ಅಕ್ಕನ ಕಡೆ ನೋಡಿ, "ಸಹಿ ನಂದೇ ಸಾರ್" ಎಂದಳು. ಅಷ್ಟೇ ಹೇಳಿದಳು. ಅಕ್ಕ ಹೇಳಿದ್ದಕ್ಕೆ ಎದುರಾಡುವುದನ್ನು ಎರಡು ವರ್ಷದಲ್ಲಿ ಅವಳಿಗೆ ಯಾರೂ ಕಲಿಸಿರಲಿಲ್ಲ.

ಅವಳ ಹೆಸರನ್ನು ನೋಂದಣಿಯಿಂದ ತೆಗೆಯಬೇಕೆಂದು ಕೌನ್ಸಿಲ್ಲಿಗೆ ಶಿಫಾರಸು ಹೋಯಿತು, ಆಸ್ಪತ್ರೆಯ ಕೆಲಸದಿಂದ ಅವಳನ್ನು ಅವತ್ತೇ ಬಿಡಿಸಿದರು. ಆಕ್ಷೇಪಣೆಗೆ ಹದಿನೈದು ದಿನ. ಚಿಟಿಕೆಯ ಜಾಗಕ್ಕೆ ಯಾರನ್ನೂ ಹಾಕಲಿಲ್ಲ; ಮೂರು ಜನ ಮಾಡುತ್ತಿದ್ದ ಪಾಳಿಯನ್ನು ಈಗ ಎಷ್ಟೋ ದಿನ ಇಬ್ಬರೇ ಮಾಡಿದರು. ಉಳಿದ ಹನ್ನೊಂದು ಹುಡುಗಿಯರು ದೊಡ್ಡಕ್ಕನಿಗೆ ಕೃತಜ್ಞರಾಗಿದ್ದರು. ಆದರೆ ಕಣ್ಣಲ್ಲಿ ಕಣ್ಣಿಟ್ಟು ಯಾರೂ ಮಾತಾಡುತ್ತಿರಲಿಲ್ಲ. ತಮ್ಮ ಸರದಿ ಬಂದರೆ ಏನಾಗುತ್ತದೆಂದು ಅವರು ನೋಡಿದ್ದರು.

ಹನ್ನೊಂದನೇ ದಿನ ಮಧ್ಯಾಹ್ನ ಬಡಗಿಯ ಮಗಳು ವಾರ್ಡಿಗೆ ಬಂದಳು. ಖಾಕಿ ಅಂಗಿ, ಹೆಗಲಲ್ಲಿ ಚರ್ಮದ ಚೀಲ.

"ಮೇಡಂ, ನನಗೆ ಒಂದು ವಿಷಯ ಸರಿ ಹೋಗ್ತಿಲ್ಲ. ಅಪ್ಪನ ಹಾಳೇಲಿ ಆರು ಜನರ ಸಹಿ ಇದೆ. ಎಲ್ಲರದೂ ಒಂದು ಪಾಳಿ ಪೂರ್ತಿ ಒಂದೇ ಥರ, ಪೆನ್ನಿನ ಒತ್ತೂ ಒಂದೇ. ಬಸ್ಸು ಹೊರಡೋಕೆ ಮುಂಚೆ ಟ್ರಿಪ್ ಶೀಟ್ ತುಂಬಿದ್ರೆ ಹೀಗೇ ಕಾಣುತ್ತೆ, ನಂಗೊತ್ತು. ಒಬ್ಬಳನ್ನೇ ಯಾಕೆ ಹಿಡಿದ್ರಿ? ಅದೂ ಅಪ್ಪನ ಹುಣ್ಣು ಕಂಡುಹಿಡಿದವಳನ್ನ?"

ದೊಡ್ಡಕ್ಕ ಅವಳನ್ನು ಬಟ್ಟೆ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಹಾಕಿದರು. ಆಮೇಲೆ, ಯಾರೂ ಒತ್ತಾಯಿಸದೆ, ಎಲ್ಲವನ್ನೂ ಹೇಳಿಬಿಟ್ಟರು. ತಪಾಸಣೆ, ಖಾಲಿ ಕಾಲಂ, ತಾವು ಆಡಿದ ಮಾತು, ವಾಪಸು ತಂದ ಮೂರು ಪತ್ರ, ಟೈಪು ಮಾಡಿದ ಪುಟ. ಹೇಳುತ್ತಾ ಹೇಳುತ್ತಾ ಕಣ್ಣೀರು ಬಂತು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದ ಹಾಗಾಯಿತು. "ನಿಮ್ಮ ತಂದೆ ಸಾವಿಗೆ ಆ ಮಗು ಕಾರಣ ಅಲ್ಲಮ್ಮ. ನಾನು" ಎಂದರು.

ಮಗಳು ಹೊದಿಕೆಯ ರಾಶಿಗೆ ಒರಗಿ ನಿಂತು ಪೂರ್ತಿ ಕೇಳಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಆಯ್ತು. ಇದನ್ನ ಬರೆದು ಕೊಡಿ."

"ಏನು?"

"ಈಗ ಹೇಳಿದ್ದು. ಇನ್ನು ನಾಲ್ಕು ದಿನ ಇದೆ. ನಾನೇ ತಗೊಂಡು ಹೋಗಿ ಕೌನ್ಸಿಲ್ಲಿಗೆ ಕೊಡ್ತೀನಿ. ಆ ಹುಡುಗಿ ಈಗ ಚಪ್ಪಲಿ ಅಂಗಡೀಲಿ ಡಬ್ಬ ತೆಗೆದು ಡಬ್ಬ ಇಡ್ತಿದಾಳೆ, ನೋಡಿ ಬಂದೆ."

"ಅಲ್ಲಮ್ಮ, ನಾನು ನಿನ್ನ ಹತ್ರ ಮನಸ್ಸು ಬಿಚ್ಚಿ..."

"ಮನಸ್ಸು ನಿಮ್ಮದು ಹಗುರ ಆಯ್ತು, ಕಾಣಿಸ್ತು. ನಾನೇನು ಮಾಡಲಿ ಅದನ್ನ ಇಟ್ಕೊಂಡು? ನಾಳೆ ಯಾರಾದ್ರೂ ಕೇಳಿದ್ರೆ ನೀವು ಹೇಳಿಲ್ಲ ಅಂದ್ರೆ ಮುಗೀತು." ಚೀಲದಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ಚಾಚಿದಳು. "ನನಗೆ ನಿಮ್ಮ ಮೇಲೆ ಏನೂ ಹಗೆ ಇಲ್ಲ ಮೇಡಂ. ಹತ್ತು ಸಾಲು ಸಾಕು."

ದೊಡ್ಡಕ್ಕ ಹಾಳೆ ತೆಗೆದುಕೊಂಡರು. ತಾರೀಖು ಬರೆದರು. ಮಾನ್ಯರೇ ಎಂದು ಬರೆದರು. ಹೊರಗೆ ಯಾವುದೋ ಮಂಚದ ಕರೆಗಂಟೆ ಬಡಿಯಿತು. ದಿನಕ್ಕೆ ನೂರು ಸಲ ಬಡಿಯುವ ಗಂಟೆ, ಹುಡುಗಿಯರು ಯಾರಾದರೂ ಹೋಗುತ್ತಿದ್ದರು. ದೊಡ್ಡಕ್ಕ ತಾವೇ ಎದ್ದರು.

"ಒಂದು ಗಳಿಗೆಮ್ಮ. ಪೇಷಂಟು. ಐದು ಗಂಟೆಗೆ ನನ್ನ ಡ್ಯೂಟಿ ಮುಗಿಯುತ್ತೆ. ಕೂತು ನೆಮ್ಮದಿಯಾಗಿ ಬರೆದುಕೊಡ್ತೀನಿ."

"ನಾನು ಹೊರಗೆ ಬೆಂಚಲ್ಲಿ ಇರ್ತೀನಿ. ಇವತ್ತಿನ ಪಾಳಿ ಮುಗಿಸೇ ಬಂದಿದೀನಿ."

ಬರೆಯಬೇಕೆಂದೇ ದೊಡ್ಡಕ್ಕ ಅಂದುಕೊಂಡಿದ್ದರು. ಮೂರು ಗಂಟೆಗೂ ಹಾಗೇ ಅಂದುಕೊಂಡಿದ್ದರು. ನಾಲ್ಕಕ್ಕೆ, ಯಾವ ವಾಕ್ಯದಿಂದ ಶುರು ಮಾಡಬೇಕೆಂದು ಮನಸ್ಸಿನಲ್ಲೇ ಜೋಡಿಸಿದರು. ನಾಲ್ಕೂವರೆಗೆ ಪಿಂಚಣಿ ನೆನಪಾಯಿತು, ಹೊಲಿಗೆ ಯಂತ್ರದ ಮುಂದೆ ಬಗ್ಗಿದ ಗಂಡನ ಬೆನ್ನು ನೆನಪಾಯಿತು. ಆಗಲೇ ಹೇಳಿ ಆಯಿತಲ್ಲ, ದೇವರಿಗೆ ಗೊತ್ತಾಯಿತಲ್ಲ ಎಂದೂ ಅನ್ನಿಸಿತು. ಐದಕ್ಕೆ ವಾರ್ಡಿನ ಬಾಗಿಲ ಗಾಜಿನಲ್ಲಿ ನೋಡಿದರು. ಅವಳು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು, ತೂಕಡಿಸುತ್ತಿರಲಿಲ್ಲ.

ವಾರ್ಡಿನ ಹಿಂದೆ, ಕೊಳೆ ಬಟ್ಟೆ ಇಳಿಸುವ ಮೆಟ್ಟಿಲಿದೆ. ನರ್ಸುಗಳು ಅದರಲ್ಲಿ ಇಳಿಯುವುದಿಲ್ಲ, ವಾಸನೆ. ದೊಡ್ಡಕ್ಕ ಅದರಲ್ಲಿ ಇಳಿದು ಹೋದರು.

ಮರುದಿನ ಬೆಳಿಗ್ಗೆಯೂ ಅದೇ ಮೆಟ್ಟಿಲಲ್ಲಿ ಹತ್ತಿ ಬಂದರು. ಆಯಾ ನೆಲ ಒರೆಸುತ್ತಿದ್ದಳು, ತಲೆಯೆತ್ತದೆ ಹೇಳಿದಳು:

"ಆ ಕಂಡಕ್ಟರಮ್ಮ ಏಳು ಗಂಟೆ ತನಕ ಕೂತಿತ್ತು. ನಿಮಗೊಂದು ಮಾತು ಹೇಳು ಅಂತು."

"ಏನಂತೆ?"

ಆಯಾ ಬಟ್ಟೆ ಹಿಂಡಿದಳು. "ಇನ್ನು ಬರಲ್ವಂತೆ. ಸಿಸ್ಟರ್ ಮುಂದುಗಡೆ ಮೆಟ್ಟಿಲಲ್ಲೇ ಓಡಾಡಲಿ, ಪಾಪ, ಈ ವಯಸ್ಸಲ್ಲಿ ಆ ಕತ್ತಲೆ ಮೆಟ್ಟಿಲು ಯಾಕೆ, ಬಿದ್ದುಗಿದ್ದಾರು, ಅಂತು."

ದೊಡ್ಡಕ್ಕ ಒದ್ದೆ ನೆಲ ಆರುವ ತನಕ ಅಲ್ಲೇ ನಿಂತಿದ್ದರು. ಕೌನ್ಸಿಲ್ಲಿಗೆ ಆಕ್ಷೇಪಣೆ ಸಲ್ಲಿಸಲು ಇನ್ನೂ ಮೂರು ದಿನವಿತ್ತು. ಹಾಳೆ ಮಾನ್ಯರೇ ಎಂಬಲ್ಲೇ ನಿಂತಿತ್ತು. ಆ ಮೂರು ದಿನವೂ ಅವರು ಮುಂದಿನ ಮೆಟ್ಟಿಲಲ್ಲೇ ಹತ್ತಿ ಇಳಿದರು.